ಶಿವರಾತ್ರಿಯ ದಿನ ಅತ್ತ ಹುಡುಗ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ಸಾವಿನ ಬಗ್ಗೆ ಇದ್ದವು. ಜಪಾನಿನ ಕಾಮಿಕ್ಸ್ ಲೇಖಕ ಅಕಿರಾ ತೊರಿಯಾಮಾ 2024ರ ಮಾರ್ಚ್ 1ರಂದು ತೀರಿಕೊಂಡರು. ಮೆದುಳಿನ ಹೊರಪದರದಲ್ಲಿ ರಕ್ತಸ್ರಾವವಾಗಿತ್ತು. 68 ವರ್ಷ. ಸುದ್ದಿ ಹೊರಗೆ ಬಂದದ್ದು ಒಂದು ವಾರದ ನಂತರ, ಮಾರ್ಚ್ 8ಕ್ಕೆ. ನಾಲ್ಕನೆಯ ಪತ್ರವೂ ಕಾಮಿಕ್ಸ್ ಬಗ್ಗೆಯೇ ಇತ್ತು, ಅದನ್ನೂ ಸೇರಿಸಿಕೊಂಡಿದ್ದೇನೆ. ಉಳಿದವರು ಒಂದು ವಾರ ಕಾಯಬೇಕು.

ಮೇಡಂ, ನನ್ನ ಮಗನಿಗೆ 15 ವರ್ಷ, ಎಸ್‌ಎಸ್‌ಎಲ್‌ಸಿ. ಶಿವರಾತ್ರಿ ದಿನ ಬೆಳಿಗ್ಗೆಯಿಂದ ಏನೂ ತಿನ್ನಲಿಲ್ಲ. ಈ ಸಲ ಉಪವಾಸ ಮಾಡ್ತಿದ್ದಾನೆ ಅಂತ ನಾನು ಖುಷಿಪಟ್ಟೆ. ಸಂಜೆ ಒಣಗಿದ ಬಟ್ಟೆ ತರಲು ತಾರಸಿಗೆ ಹೋದರೆ, ನೀರಿನ ಟ್ಯಾಂಕಿನ ಹಿಂದೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದ. 'ಡ್ರ್ಯಾಗನ್ ಬಾಲ್' ಬರೆದವರು ಸತ್ತರಂತೆ. ಅವನ ಅಪ್ಪನಿಗೆ ಸಿಟ್ಟು ಬಂತು. 'ಹೋದ ವರ್ಷ ತಾತ ಸತ್ತಾಗ ಒಂದು ಹನಿ ಕಣ್ಣೀರು ಹಾಕಲಿಲ್ಲ, ಈಗ ಯಾವನೋ ಜಪಾನಿನವನಿಗೆ ಅತ್ಕೊಂಡು ಕೂತಿದ್ದೀಯಲ್ಲ' ಅಂದುಬಿಟ್ಟರು. ಅವತ್ತಿನಿಂದ ಅಪ್ಪ-ಮಗನ ನಡುವೆ ಮಾತಿಲ್ಲ. 25ಕ್ಕೆ ಪರೀಕ್ಷೆ ಶುರು. ಇದು ಸಹಜವಾ? ಡಾಕ್ಟರಿಗೆ ತೋರಿಸಬೇಕಾ? — ಒಬ್ಬ ತಾಯಿ, ಮಂಡ್ಯ

ಪತ್ರಿಕೆ ನಿಮ್ಮ ಕೈಸೇರುವಾಗ ಪರೀಕ್ಷೆ ಶುರುವಾಗಿರುತ್ತೆ ಅಂತ ಮೊದಲೇ ನಿಮಗೊಂದು ಕಾಗದ ಹಾಕಿದ್ದೆ. ಇಲ್ಲಿ ಅದನ್ನೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಇಂಥದೇ ಸಂಕಟ ಬೇರೆ ಮನೆಗಳಲ್ಲೂ ಇರಬಹುದು.

ಸಹಜ. ಡಾಕ್ಟರು ಬೇಡ. ಎರಡು ಮೂರು ವಾರ ಕಳೆದರೂ ಊಟ, ನಿದ್ದೆ ಸರಿಹೋಗದಿದ್ದರೆ ಮಾತ್ರ ತೋರಿಸಿ.

ತಾತನ ವಿಷಯಕ್ಕೆ ಬರುತ್ತೇನೆ, ನಿಮ್ಮ ಮನೆಯಲ್ಲಿ ನೋವಾಗಿರುವುದು ಅಲ್ಲೇ. ಸಾವಿನ ಮನೆಯಲ್ಲಿ 14 ವರ್ಷದ ಹುಡುಗನಿಗೆ ಏನೇನು ಕೆಲಸ ಬೀಳುತ್ತೆ ನೆನಪು ಮಾಡಿಕೊಳ್ಳಿ. ಕುರ್ಚಿ ಹಾಕು. ಶಾಮಿಯಾನದವರಿಗೆ ಫೋನ್ ಮಾಡು. ಬಂದವರಿಗೆ ನೀರು ಕೊಡು. ಅವನು ಅಳುವುದಕ್ಕೆ ಜಾಗ ಎಲ್ಲಿತ್ತು? ನಮ್ಮ ಅಜ್ಜಿ ಹೋದಾಗ ನನಗೆ 13. ಹದಿಮೂರು ದಿನವೂ ಬಾಳೆಎಲೆ ಒರೆಸಿದೆ, ಲೋಟ ತೊಳೆದೆ. ಒಂದು ಸಲವೂ ಅಳಲಿಲ್ಲ. 'ಕಲ್ಲು ಮನಸ್ಸಿನ ಹುಡುಗಿ' ಅಂತ ಒಬ್ಬರು ಅಂದದ್ದು ಈಗಲೂ ಕಿವಿಯಲ್ಲಿದೆ. ಮೂರು ತಿಂಗಳಾದ ಮೇಲೆ ಅಟ್ಟದಲ್ಲಿ ಅಜ್ಜಿಯ ಸುಣ್ಣದ ಡಬ್ಬಿ ಸಿಕ್ಕಿತು. ಒಳಗೆ ಅವಳ ಬೆರಳಿನ ಗುರುತು ಹಾಗೇ ಒಣಗಿತ್ತು. ಆವತ್ತು ಅತ್ತೆ.

ಹಾಗಂತ, 'ಓಹೋ, ಇವನು ನಿಜವಾಗಿ ಅತ್ತಿದ್ದು ತಾತನಿಗೇ' ಅಂತ ಸಮಾಧಾನ ಮಾಡಿಕೊಳ್ಳಬೇಡಿ. ದೊಡ್ಡವರು ಮಕ್ಕಳ ದುಃಖಕ್ಕೆ ಬೇರೆ ಹೆಸರಿಡುವುದು ಜಾಸ್ತಿ. ಅವನು ತೊರಿಯಾಮಾ ಸತ್ತರು ಅಂತ ಅತ್ತ. ಮೊದಲು ಅದನ್ನು ಹಾಗೇ ನಂಬಿ.

ನಿಮ್ಮ ಪತ್ರ ಓದಿದ ಮೇಲೆ ನಮ್ಮ ಬೀದಿಯ ಹುಡುಗನೊಬ್ಬನ ಹತ್ತಿರ 'ಡ್ರ್ಯಾಗನ್ ಬಾಲ್'ನ ಮೊದಲ ಸಂಪುಟ ಇಸಕೊಂಡು ಓದಿದೆ. ಜಪಾನಿನ ಪುಸ್ತಕ ಅಲ್ವಾ, ಹಿಂದಿನ ಪುಟದಿಂದ ಶುರುಮಾಡಿ ಬಲದಿಂದ ಎಡಕ್ಕೆ ಓದಬೇಕು. ಮೂವತ್ತು ವರ್ಷ ಶಾಲೆಯ ಲೈಬ್ರರಿಯಲ್ಲಿದ್ದರೂ ಇದನ್ನು ನಾನು ತೆರೆದು ನೋಡಿರಲಿಲ್ಲ. ಕಥೆ ಶುರುವಾಗುವುದು ಹೇಗೆ ಗೊತ್ತಾ? ಗೊಕು ಅಂತ ಒಬ್ಬ ಹುಡುಗ, ಹಿಂದೆ ಬಾಲ ಇದೆ, ಬೆಟ್ಟದ ಮೇಲೆ ಒಬ್ಬನೇ ಇದ್ದಾನೆ. ಅವನನ್ನು ಸಾಕಿದ ತಾತ ಸತ್ತುಹೋಗಿದ್ದಾರೆ. ತಾತ ಬಿಟ್ಟುಹೋದದ್ದು ನಾಲ್ಕು ನಕ್ಷತ್ರವಿರುವ ಒಂದು ಚೆಂಡು. ಹುಡುಗ ಅದನ್ನೇ ತಾತ ಅಂದುಕೊಂಡು ಮಾತಾಡಿಸುತ್ತಾನೆ. ಬೇರೆಯವರು ಕೇಳಿದರೆ ಕೊಡುವುದಿಲ್ಲ. ಮುಂದೆ ಅವನಿಗೆ ಮಗ ಹುಟ್ಟಿದಾಗ ತಾತನ ಹೆಸರನ್ನೇ ಇಡುತ್ತಾನೆ, ಗೊಹಾನ್ ಅಂತ. ನಮ್ಮ ಕಡೆ ಇಡುವುದಿಲ್ಲವೇ, ಹಾಗೇ.

ಅದನ್ನು ಓದಿ ಪುಸ್ತಕ ಮಡಿಲಲ್ಲಿಟ್ಟುಕೊಂಡು ಸುಮ್ನೆ ಕೂತಿದ್ದೆ. ತಾತನನ್ನು ಕಳೆದುಕೊಂಡ ನಿಮ್ಮ ಮಗ ಹೋದ ವರ್ಷವೆಲ್ಲ ಯಾರ ಜೊತೆಯಲ್ಲಿದ್ದ ಅಂತ ಗೊತ್ತಾಯಿತು.

1984ರಿಂದ 1995ರವರೆಗೆ ತೊರಿಯಾಮಾ ಈ ಕಥೆಯನ್ನು ಒಂದು ವಾರಪತ್ರಿಕೆಗೆ ಬರೆದರು. 519 ಅಧ್ಯಾಯ, 42 ಸಂಪುಟ. ಬಾಲವಿರುವ ಹುಡುಗ ದೊಡ್ಡವನಾಗಿ, ಅಪ್ಪನಾಗಿ, ಕೊನೆಗೆ ಮೊಮ್ಮಗಳನ್ನೂ ಕಾಣುತ್ತಾನೆ. ಮೂಲ ಎಳೆ ಚೀನಾದ ಹಳೆಯ ಕಥೆ 'ಪಶ್ಚಿಮದ ಯಾತ್ರೆ'ಯ ವಾನರರಾಜನದು. ಬೇಕಾದಷ್ಟು ಉದ್ದ ಬೆಳೆಯುವ ಕೋಲು, ಹತ್ತಿ ಹಾರುವ ಮೋಡ, ಎಲ್ಲ ಅಲ್ಲಿಂದ ಬಂದವು. ನನಗಂತೂ ಓದುವಾಗ ನಮ್ಮ ಹನುಮಂತನೇ ಕಣ್ಣಿಗೆ ಕಟ್ಟುತ್ತಿದ್ದ.

ಹೆಸರುಗಳ ಬಗ್ಗೆ ನಿಮ್ಮ ಮಗನನ್ನೇ ಕೇಳಿ ನೋಡಿ. ಗೊಹಾನ್ ಅಂದರೆ ಜಪಾನಿ ಭಾಷೆಯಲ್ಲಿ ಅನ್ನ. ಗೊಕುವಿನ ಹುಟ್ಟುಹೆಸರು ಕಾಕರಾಟ್, ಅದು ಕ್ಯಾರೆಟ್ಟಿನಿಂದ ಮಾಡಿದ ಹೆಸರು. ಅವನ ಅಣ್ಣ ರಾಡಿಟ್ಜ್, ಅದು ಮೂಲಂಗಿಯಿಂದ. ಅವರ ಕುಲದ ಹೆಸರು ಸೈಯಾನ್, ಅದು ತರಕಾರಿ ಅನ್ನುವ ಜಪಾನಿ ಪದವನ್ನು ತಿರುವುಮುರುವು ಮಾಡಿದ್ದು. ಭತ್ತ ಬೆಳೆಯುವ ಊರಿನ ಅಡುಗೆಮನೆಯಲ್ಲಿ ಈ ಮಾತು ಶುರುವಾದರೆ ಅವನು ತಾನಾಗಿ ಬಾಯಿಬಿಡುತ್ತಾನೆ. ಅನ್ನ ಬಸಿಯುತ್ತಾ ಕೇಳಿ. ಎದುರು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ.

ನನ್ನದೂ ಒಂದು ಹೇಳಬೇಕು. 2011ರ ಫೆಬ್ರವರಿ 24ರಂದು ಅನಂತ ಪೈ ತೀರಿಕೊಂಡರು. ಕಾರ್ಕಳದಲ್ಲಿ ಹುಟ್ಟಿ, ಎರಡು ವರ್ಷದವರಿದ್ದಾಗಲೇ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು, ಮುಂದೆ ದೇಶದ ಮಕ್ಕಳಿಗೆಲ್ಲ 'ಅಂಕಲ್ ಪೈ' ಆದವರು. 'ಅಮರ ಚಿತ್ರ ಕಥಾ', 'ಟಿಂಕಲ್' ಎರಡಕ್ಕೂ ಅವರೇ ಸಂಪಾದಕರು. ಮಾರನೆಯ ಬೆಳಿಗ್ಗೆ ಪೇಪರಿನಲ್ಲಿ ಓದಿದೆ. ಶಾಲೆಗೆ ಹೋಗಿ ಬೀರು ತೆರೆದು ಹಳೆಯ ಸಂಚಿಕೆಗಳನ್ನು ಮುಟ್ಟಿದ ಕೂಡಲೇ ಅಳು ಬಂತು. ಜೊತೆಯವರೊಬ್ಬರು ನೋಡಿ, '81 ವರ್ಷ ಆಗಿತ್ತಲ್ಲ ಬಿಡಿ, ನಿಮಗೇನು ನೆಂಟರಾ?' ಅಂದರು. ಇನ್ನೊಬ್ಬರು, 'ನಿಮಗೆ ನಿಮ್ಮ ಬಾಲ್ಯ ನೆನಪಾಗಿದೆ ಅಷ್ಟೇ' ಅಂದರು. ಎರಡೂ ಚುಚ್ಚಿತು. ನನ್ನ ಬಾಲ್ಯ ಹೋಗಿ ಎಷ್ಟೋ ವರ್ಷವಾಗಿತ್ತು, ಅದಕ್ಕೆ ನಾನು ಯಾವತ್ತೂ ಅತ್ತವಳಲ್ಲ. ನಾನು ಅತ್ತಿದ್ದು ಆ ಮನುಷ್ಯನಿಗೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಎರಡು ಟೇಬಲ್ ಜೋಡಿಸಿ ಎಲ್ಲ ಸಂಚಿಕೆಗಳನ್ನೂ ಹರಡಿದೆ. ಏನೂ ಹೇಳಲಿಲ್ಲ. ಬಂದ ಮಕ್ಕಳು ನೆಲದ ಮೇಲೆ ಕೂತು ಗಂಟೆ ಹೊಡೆಯುವವರೆಗೂ ಓದಿದರು. ಐದನೇ ಕ್ಲಾಸಿನ ಹುಡುಗಿಯೊಬ್ಬಳು 'ಟಿಂಕಲ್'ನ ಪೆದ್ದ ಸುಪ್ಪಂದಿಯ ಕಥೆ ಓದಿ ಜೋರಾಗಿ ನಕ್ಕಳು. ಆಗ ನನಗೆ ಸ್ವಲ್ಪ ಹಗುರವಾಯಿತು.

ನಿಮ್ಮ ಯಜಮಾನರಿಗೂ ಒಂದು ಮಾತು. ಅವರು ಆಡಿದ್ದರಲ್ಲಿ ಸಿಟ್ಟಿಗಿಂತ ನೋವು ಜಾಸ್ತಿ ಇದೆ, ಸತ್ತವರು ಅವರ ಅಪ್ಪ. ತನ್ನ ಅಪ್ಪನಿಗಾಗಿ ಮಗನೂ ಅಳಲಿ ಅಂತ ಯಾರಿಗೆ ಅನಿಸುವುದಿಲ್ಲ? ಅದನ್ನೇ ಮಗನಿಗೆ ಹೇಳಲಿ. 'ತಾತ ಹೋದಾಗ ನನಗೆ ತುಂಬಾ ಕಷ್ಟ ಆಯ್ತು ಕಣೋ' ಅಂದರೆ ಸಾಕು. ಪರೀಕ್ಷೆ ಮುಗಿದ ಮೇಲೆ ಮಗನ ಪಕ್ಕ ಕೂತು ಮೊದಲ ಅಧ್ಯಾಯ ಒಂದನ್ನಾದರೂ ನೋಡಲಿ, ಆ ಚೆಂಡು ಇರುವ ಪುಟ. ತಾತನ ವಸ್ತು ಏನಾದರೂ ಮನೆಯಲ್ಲಿದ್ದರೆ, ಊರುಗೋಲೋ, ಕನ್ನಡಕವೋ, ಹುಡುಗನ ಕೈಗೆ ಕೊಡಿ. ಅವನೇ ಇಟ್ಟುಕೊಳ್ಳಲಿ.

ನನಗೆ 29. ಶಾಲೆಯಿಂದ ಬಂದು ಟಿವಿಯಲ್ಲಿ 'ಡ್ರ್ಯಾಗನ್ ಬಾಲ್ ಝಡ್' ನೋಡುತ್ತಾ ಬೆಳೆದವನು. ತೊರಿಯಾಮಾ ನೆನಪಿಗೆ ಐದು ಜನ ಸ್ನೇಹಿತರು ಕುಕ್ಕರಹಳ್ಳಿ ಕೆರೆ ಹತ್ತಿರ ಸೇರಬೇಕು ಅಂದುಕೊಂಡಿದ್ದೇವೆ. ಜನ ನೋಡಿ ನಕ್ಕರೆ ಅಂತ ಹಿಂಜರಿಕೆ. — ಒಬ್ಬ ಅಭಿಮಾನಿ, ಮೈಸೂರು

ಖಂಡಿತ ಸೇರಿ. ಮಾರ್ಚ್ 10ರಂದು ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದಲ್ಲಿ, ಓಬೆಲಿಸ್ಕ್ ಸ್ಮಾರಕದ ಸುತ್ತ ಭಾರಿ ಜನ ಸೇರಿ ಎರಡೂ ಕೈ ಮೇಲೆತ್ತಿ ನಿಂತರು. ಯಾಕೆ ಅಂತ ನಿಮಗೆ ಗೊತ್ತೇ ಇದೆ, ಗೊತ್ತಿಲ್ಲದ ಓದುಗರಿಗೆ ಹೇಳುತ್ತೇನೆ. ಎದುರಾಳಿ ತೀರಾ ಬಲಶಾಲಿಯಾದಾಗ ಗೊಕು ಆಕಾಶಕ್ಕೆ ಕೈಯೆತ್ತಿ ಎಲ್ಲ ಜೀವಿಗಳಿಂದ ಸ್ವಲ್ಪ ಸ್ವಲ್ಪ ಶಕ್ತಿ ಕೇಳುತ್ತಾನೆ. ಮರ, ಗಿಡ, ಮನುಷ್ಯರು ಎಲ್ಲರೂ ಕೊಟ್ಟದ್ದು ಸೇರಿ ಒಂದು ದೊಡ್ಡ ಬೆಳಕಿನ ಗೋಳವಾಗುತ್ತೆ. ಅದಕ್ಕೆ ಗೆಂಕಿದಾಮಾ ಅಂತಾರೆ. ಆ ಜನ ಅಷ್ಟು ದೂರದಿಂದ ತಮ್ಮ ಪಾಲು ಕೊಟ್ಟರು. ಬೆಳಗಿನ ಹೊತ್ತು ಕೆರೆ ಏರಿಯ ಮೇಲೆ ವ್ಯಾಯಾಮಕ್ಕೆ ಕೈಯೆತ್ತಿ ನಿಲ್ಲುವವರು ಬೇಕಾದಷ್ಟು ಜನ ಇರುತ್ತಾರೆ. ನಿಮ್ಮನ್ನು ಯಾರೂ ತಿರುಗಿ ನೋಡುವುದಿಲ್ಲ.

ಒಂದೇ ಒಂದು ಕೋರಿಕೆ. ಶ್ರದ್ಧಾಂಜಲಿ ಫ್ಲೆಕ್ಸ್ ಹಾಕಬೇಡಿ. ನಮ್ಮೂರುಗಳಲ್ಲಿ ಯಾರು ಹೋದರೂ ಸರ್ಕಲ್ಲಿನಲ್ಲಿ ಫೋಟೋ ಏರುತ್ತೆ. ತೊರಿಯಾಮಾಗೆ ಮುಖ ತೋರಿಸುವುದೇ ಇಷ್ಟವಿರಲಿಲ್ಲ, ತಮ್ಮನ್ನು ಗ್ಯಾಸ್ ಮಾಸ್ಕ್ ಹಾಕಿದ ಪುಟ್ಟ ರೋಬೋ ಥರ ಬರೆದುಕೊಳ್ಳುತ್ತಿದ್ದರು. ಅಂತ್ಯಕ್ರಿಯೆ ಕೂಡ ಮನೆಯವರು, ಹತ್ತಿರದ ಕೆಲವು ನೆಂಟರು ಇದ್ದುಕೊಂಡೇ ನಡೆಯಿತು. ಅವರು ಶಾಂತಿ ಬಯಸಿದ್ದರಿಂದ ಹೂವು, ಕಾಣಿಕೆ, ಭೇಟಿ ಯಾವುದೂ ಬೇಡ ಅಂತ ಅವರ ಸ್ಟುಡಿಯೋ ಪ್ರಕಟಣೆಯಲ್ಲೇ ಕೇಳಿಕೊಂಡಿತ್ತು. ಹಾಗಾಗಿ ಹಾರದ ದುಡ್ಡಿಗೆ ಒಂದು ಸಂಪುಟ ಕೊಂಡು, ಯಾವುದಾದರೂ ಸರ್ಕಾರಿ ಶಾಲೆಯ ಲೈಬ್ರರಿಗೆ ಕೊಡಿ. ಮೊದಲ ಪುಟದಲ್ಲಿ ಬಲದಿಂದ ಎಡಕ್ಕೆ ಓದಬೇಕು ಅಂತ ಕನ್ನಡದಲ್ಲಿ ಬರೆದಿಡಿ. ಇಲ್ಲದಿದ್ದರೆ ಮಕ್ಕಳು ಕೊನೆಯಿಂದ ಶುರುಮಾಡಿಬಿಡುತ್ತಾರೆ.

ಲೇಖಕರು ಸತ್ತ ಮೇಲೆ ಅವರ ಕಥೆಯನ್ನು ಬೇರೆಯವರು ಮುಂದುವರಿಸುವುದು ಸರಿಯಾ? — ಬಿ.ಎ. ವಿದ್ಯಾರ್ಥಿನಿ, ಶ್ರೀರಂಗಪಟ್ಟಣ

ತೊರಿಯಾಮಾ ಕೈಯಲ್ಲಿ ಇನ್ನೂ ಹಲವು ಕೆಲಸಗಳು ಅರ್ಧದಲ್ಲಿದ್ದವು ಅಂತ ಆ ಪ್ರಕಟಣೆಯಲ್ಲೇ ಇದೆ. ಅದನ್ನು ಓದಿದಾಗ ಸಂಕಟವಾಯಿತು. ನಿನ್ನ ಪ್ರಶ್ನೆಗೆ ಎರಡು ದಾರಿಗಳು ನನಗೆ ಗೊತ್ತು.

'ಟಿನ್‌ಟಿನ್' ಬರೆದ ಹೆರ್ಜೆ 1983ರಲ್ಲಿ ಹೋದರು. ತಾವು ಹೋದ ಮೇಲೆ ಹೊಸ ಟಿನ್‌ಟಿನ್ ಕಥೆ ಬೇಡ ಅಂದಿದ್ದರು. ಅರ್ಧ ಬರೆದಿಟ್ಟ ಕೊನೆಯ ಕಥೆಯನ್ನು 1986ರಲ್ಲಿ ಕರಡು ಗೆರೆಗಳ ಸಮೇತ ಹಾಗೇ ಅಚ್ಚು ಹಾಕಿದರು, ಯಾರೂ ಪೂರ್ತಿ ಮಾಡಲಿಲ್ಲ.

ಇನ್ನೊಂದು ಜಪಾನಿನದು. 'ಬರ್ಸರ್ಕ್' ಬರೆಯುತ್ತಿದ್ದ ಕೆಂಟಾರೊ ಮಿಯುರಾ 2021ರ ಮೇ 6ರಂದು, 54ನೇ ವಯಸ್ಸಿಗೆ ಹೋಗಿಬಿಟ್ಟರು. ಕಥೆ ನಡುದಾರಿಯಲ್ಲಿತ್ತು. ಆದರೆ ಸುಮಾರು ಮೂವತ್ತು ವರ್ಷ ಹಿಂದೆಯೇ ಅವರು ಕಥೆಯನ್ನು ಕೊನೆಯವರೆಗೂ ಒಬ್ಬರಿಗೆ ಹೇಳಿದ್ದರು. ಹೈಸ್ಕೂಲಿನ ಗೆಳೆಯ ಕೋಜಿ ಮೋರಿಗೆ. ಅವರೂ ಕಾಮಿಕ್ಸ್ ಲೇಖಕರೇ. 2022ರಲ್ಲಿ ಮೋರಿ ಉಸ್ತುವಾರಿಯಲ್ಲಿ, ಮಿಯುರಾ ಶಿಷ್ಯರ ಚಿತ್ರಗಳಲ್ಲಿ ಕಥೆ ಮತ್ತೆ ಶುರುವಾಯಿತು. ಗೆಳೆಯ ಹೇಳಿದ್ದನ್ನು ಮಾತ್ರ ಬರೆಸುತ್ತೇನೆ, ಸರಿಯಾಗಿ ನೆನಪಿಲ್ಲದ್ದನ್ನು ಸೇರಿಸುವುದಿಲ್ಲ ಅಂತ ಮೋರಿ ಓದುಗರಿಗೆ ಮಾತು ಕೊಟ್ಟರು.

ನನ್ನ ಅಭಿಪ್ರಾಯ ಕೇಳಿದರೆ, ಹೆರ್ಜೆಯ ಕರಡೇ ನನಗೆ ಇಷ್ಟ. ಆ ಗೀಚಿದ ಗೆರೆಗಳಲ್ಲಿ ಅವರ ಕೈ ಕಾಣುತ್ತೆ. ಆದರೆ ಮೋರಿ ಮಾಡಿದ್ದನ್ನು ತಪ್ಪು ಅನ್ನಲು ಮನಸ್ಸು ಬಾರದು. ಗೆಳೆಯನ ಕಥೆಯನ್ನು ಮೂವತ್ತು ವರ್ಷ ತಲೆಯಲ್ಲಿಟ್ಟುಕೊಂಡು ಓಡಾಡಿದವರು ಅವರು. ಬರೀ ಹೆಸರು ಮಾರಲು ಮುಂದುವರಿಸುವವರನ್ನು ನೀನು ಓದಬೇಡ, ಅಷ್ಟೇ.

ನಮ್ಮ ಮನೆಯಲ್ಲಿ ಎರಡು ಪೆಟ್ಟಿಗೆ ತುಂಬ ಕನ್ನಡದ ಹಳೆಯ ಕಾಮಿಕ್ಸ್ ಇವೆ, 'ಅಮರ ಚಿತ್ರ ಕಥಾ' ಜಾಸ್ತಿ. ಮಕ್ಕಳು ದೂರದ ಊರುಗಳಲ್ಲಿದ್ದಾರೆ. ರದ್ದಿಗೆ ಹಾಕಲು ಮನಸ್ಸಿಲ್ಲ. — ನಿವೃತ್ತ ಶಿಕ್ಷಕರು, ಸರಸ್ವತಿಪುರಂ

ದಯವಿಟ್ಟು ಹಾಕಬೇಡಿ ಸರ್. ಅಮರ ಚಿತ್ರ ಕಥಾ ಮೊದಲು ಬಂದದ್ದೇ ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಂ ವಿದೇಶಿ ಮಕ್ಕಳ ಕಥೆಗಳನ್ನು ಕನ್ನಡದಲ್ಲಿ ತಂದರು. ಮೊದಲ 10 ಸಂಖ್ಯೆಗಳು ಆ ಕಥೆಗಳವು. ಅನಂತ ಪೈ ಬರೆದ, ರಾಮ್ ವಾಯೀರ್ಕರ್ ಚಿತ್ರ ಬಿಡಿಸಿದ 'ಕೃಷ್ಣ' 11ನೆಯದು. ನಿಮ್ಮ ಪೆಟ್ಟಿಗೆಯಲ್ಲಿ ಆ ಮೊದಲ ಹತ್ತರಲ್ಲಿ ಒಂದಿದ್ದರೂ ಅದು ಅಪರೂಪ.

ಒಣ ದಿನ ನೋಡಿ ಪೆಟ್ಟಿಗೆ ತೆಗೆಯಿರಿ. ಬಿಸಿಲಿಗೆ ಇಡಬೇಡಿ, ಬಣ್ಣ ಹೋಗುತ್ತೆ. ನೆರಳಲ್ಲಿ ಗಾಳಿಗೆ ಹರಡಿ. ತುಕ್ಕು ಹಿಡಿದ ಪಿನ್ ಇದ್ದರೆ ನಿಧಾನವಾಗಿ ಬಿಡಿಸಿ, ದಾರ ಹೊಲಿಯಿರಿ. ಅಂಟುಪಟ್ಟಿ ಹಚ್ಚಲೇಬೇಡಿ, ಹಳದಿಯಾಗಿ ಕಾಗದ ತಿನ್ನುತ್ತೆ. ಪ್ಲಾಸ್ಟಿಕ್ ಕವರಿನ ಬದಲು ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ನಡುವೆ ಒಣಗಿದ ಬೇವಿನೆಲೆ ಇಡಿ. ಆಮೇಲೆ ಸಂಖ್ಯೆಗಳ ಒಂದು ಪಟ್ಟಿ ಮಾಡಿ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಯಾವ ಲೈಬ್ರರಿಗೆ ಕೊಡಬಹುದು ಅಂತ ಒಟ್ಟಿಗೆ ಕೂತು ಯೋಚಿಸೋಣ. ಸರಸ್ವತಿಪುರಂ ನಮ್ಮ ಮನೆಗೆ ನಡೆದು ಬರುವಷ್ಟು ಹತ್ತಿರ. ನೀವು ಒಪ್ಪಿದರೆ ಪೆಟ್ಟಿಗೆ ತೆಗೆಯುವ ದಿನ ನಾನೂ ಬರುತ್ತೇನೆ. ಬೇವಿನೆಲೆ ನಾನೇ ತರುತ್ತೇನೆ, ನಮ್ಮ ಹಿತ್ತಲಲ್ಲಿ ಮರ ಇದೆ.