ಅರ್ಧ ಗಂಟೆ ಪಂಪ್ ಮಾಡಿದರೂ ಎದೆಹಾಲು ಸರಿಯಾಗಿ ಬರುತ್ತಿಲ್ಲ, ಏನು ಮಾಡಲಿ?

ಮಗುವಿಗೆ ಮೂರು ತಿಂಗಳು, ಮುಂದಿನ ತಿಂಗಳು ಕೆಲಸಕ್ಕೆ ಮರಳಬೇಕು, ಮಗು ಕುಡಿದಾದ ಮೇಲೆ ಎಲೆಕ್ಟ್ರಿಕ್ ಪಂಪ್ ಹಾಕಿಕೊಂಡು ಅರ್ಧ ಗಂಟೆ ಕೂತರೂ ಎರಡೂ ಕಡೆ ಸೇರಿ 40 ಎಂಎಲ್ ದಾಟುತ್ತಿಲ್ಲ, ಸಕ್ಷನ್ ಪೂರ್ತಿ ಏರಿಸಿದರೆ ಜೀವ ಹೋಗುವಷ್ಟು ನೋವು, ನನಗೆ ಹಾಲೇ ಕಡಿಮೆಯಾ ಎಂದು ಕೇಳಿದ್ದೀರಿ. ಮಗು ದಿನಕ್ಕೆ ಏಳೆಂಟು ಸಲ ಚೆನ್ನಾಗಿ ಉಚ್ಚೆ ಮಾಡುತ್ತದೆ, ತೂಕವೂ ಏರುತ್ತಿದೆ ಎಂದೂ ಬರೆದಿದ್ದೀರಿ. ಆ ಕೊನೆಯ ಸಾಲಿನಲ್ಲೇ ಅರ್ಧ ಉತ್ತರ ಇದೆ. ತೂಕ ಏರುತ್ತಿರುವ ಮಗುವಿನ ತಾಯಿಗೆ ಹಾಲು ಕಡಿಮೆ ಇರುವುದಿಲ್ಲ. ಇರುವ ಹಾಲು ಪಂಪಿಗೆ ಇಳಿಯುತ್ತಿಲ್ಲ, ಅಷ್ಟೇ. ಇದನ್ನು ಸರಿಮಾಡಬಹುದು.

ನಾನು ವೈದ್ಯೆಯಲ್ಲ. ಎರಡೂ ಮಕ್ಕಳಿಗೆ ಕೆಲಸಕ್ಕೆ ಹೋಗುತ್ತಲೇ ಪಂಪ್ ಮಾಡಿ ಹಾಲು ಕೊಟ್ಟವಳು. ಆಮೇಲೆ ನನ್ನ ಜೊತೆ ಕೆಲಸ ಮಾಡುವ ಹೊಸ ತಾಯಂದಿರು ಒಬ್ಬೊಬ್ಬರಾಗಿ ಬಂದು ಕೇಳತೊಡಗಿದ್ದರಿಂದ ಈ ವಿಷಯ ಓದುತ್ತಾ, ನೋಡುತ್ತಾ ಬಂದಿದ್ದೇನೆ.

ಮೊದಲು ಆ 40 ಎಂಎಲ್ ಬಗ್ಗೆ. ಮಗು ಎದೆಯಿಂದಲೇ ಕುಡಿಯುತ್ತಿರುವಾಗ, ಕುಡಿದಾದ ಮೇಲೆ ಉಳಿದದ್ದನ್ನು ಪಂಪ್ ಮಾಡಿದರೆ ಎರಡೂ ಕಡೆ ಸೇರಿ 15ರಿಂದ 60 ಎಂಎಲ್ ಬರುವುದು ಸಾಮಾನ್ಯ. ಮಗುವಿಗೆ ಕುಡಿಸುವ ಬದಲಿಗೇ ಪಂಪ್ ಮಾಡಿದರೆ ಸುಮಾರು 60ರಿಂದ 120 ಎಂಎಲ್ ನಿರೀಕ್ಷಿಸಬಹುದು. ಅಂದರೆ ನಿಮ್ಮದು ಸರಿಯಾದ ಲೆಕ್ಕದೊಳಗೇ ಇದೆ. ಮೊಬೈಲಿನಲ್ಲಿ ಕಾಣುವ ತುಂಬಿ ತುಳುಕುವ ಬಾಟಲಿಗಳ ಫೋಟೋ ನೋಡಿ ನಿಮ್ಮನ್ನು ನೀವು ಅಳೆದುಕೊಳ್ಳಬೇಡಿ. ಅವರು ಎಷ್ಟು ಗಂಟೆ ಬಿಟ್ಟು ಪಂಪ್ ಮಾಡಿದರು, ಮಗು ಎದೆಯಿಂದ ಕುಡಿಯುತ್ತದೋ ಇಲ್ಲವೋ ಯಾವುದೂ ಆ ಫೋಟೋದಲ್ಲಿ ಇರುವುದಿಲ್ಲ.

ಇನ್ನು ಮುಖ್ಯ ಮಾತು. ಪಂಪ್ ಹಾಲನ್ನು ಎಳೆದು ತೆಗೆಯುತ್ತದೆ, ಆದ್ದರಿಂದ ಜೋರಾಗಿ ಎಳೆದಷ್ಟೂ ಜಾಸ್ತಿ ಬರುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಹಾಗಲ್ಲ. ಎದೆಯೊಳಗೆ ಹಾಲು ಇರುವುದು ಸಣ್ಣ ಸಣ್ಣ ಚೀಲಗಳಲ್ಲಿ. ಮೊಲೆತೊಟ್ಟಿಗೆ ಸ್ಪರ್ಶ ಸಿಕ್ಕಾಗ, ಮಗುವಿನ ಅಳು ಕೇಳಿದಾಗ, ಕೆಲವೊಮ್ಮೆ ಮಗುವನ್ನು ನೆನೆಸಿಕೊಂಡಾಗಲೂ, ಮೆದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೊರಡುತ್ತದೆ. ಅದು ಆ ಚೀಲಗಳ ಸುತ್ತಲಿನ ಸ್ನಾಯುಗಳನ್ನು ಬಿಗಿಸಿ ಹಾಲನ್ನು ನಾಳಗಳಿಗೆ ದೂಡುತ್ತದೆ. ಹಾಗೆ ಇಳಿದು ಬಂದ ಹಾಲನ್ನಷ್ಟೇ ಪಂಪ್ ತೆಗೆದುಕೊಳ್ಳಬಲ್ಲದು. ದೇಹ ದೂಡದಿದ್ದರೆ ಎಷ್ಟು ಎಳೆದರೂ ನಾಳದಲ್ಲಿದ್ದ ಒಂದಿಷ್ಟು ಬಂದು ನಿಂತುಹೋಗುತ್ತದೆ. ನೋವು, ಚಳಿ, ಗಾಬರಿ, ಇವು ಆ ಹಾರ್ಮೋನಿನ ಕೆಲಸಕ್ಕೇ ಅಡ್ಡಬರುತ್ತವೆ. ಹಾಗಾಗಿ ಸಕ್ಷನ್ ಪೂರ್ತಿ ಏರಿಸಿ ಹಲ್ಲು ಕಚ್ಚಿ ಕೂತರೆ ಹಾಲು ಕಡಿಮೆಯೇ ಆಗುತ್ತದೆ. ಕನಿಷ್ಠದಿಂದ ಶುರುಮಾಡಿ ಒಂದೊಂದೇ ಹಂತ ಏರಿಸಿ. ಸ್ವಲ್ಪ ಕಿರಿಕಿರಿ ಅನ್ನಿಸಿದ ತಕ್ಷಣ ಒಂದು ಹಂತ ಇಳಿಸಿ. ನಿಮ್ಮ ಸರಿಯಾದ ಸಕ್ಷನ್ ಅದೇ. ಪಕ್ಕದವರದು ಒಂಬತ್ತರಲ್ಲಿದ್ದು ನಿಮ್ಮದು ನಾಲ್ಕರಲ್ಲಿದ್ದರೂ ಏನೂ ತೊಂದರೆಯಿಲ್ಲ.

ನಿಮ್ಮ ನೋವಿಗೆ ಸಕ್ಷನ್ ಒಂದೇ ಕಾರಣ ಇರಲಾರದು. ಎದೆಗೆ ಹಿಡಿಯುವ ಆಲಿಕೆಯಂಥ ಭಾಗ, ಫ್ಲ್ಯಾಂಜ್, ಅದರ ಅಳತೆ ನೋಡಿದ್ದೀರಾ? ಪಂಪಿನ ಡಬ್ಬದಲ್ಲಿ ಹೆಚ್ಚಾಗಿ 24 ಅಥವಾ 28 ಎಂಎಂನದು ಬಂದಿರುತ್ತದೆ. ಡಬ್ಬದಲ್ಲಿ ಬಂದದ್ದೇ ನಮಗೆ ಸರಿಹೊಂದುತ್ತದೆ ಎಂದುಕೊಂಡು ತಿಂಗಳುಗಟ್ಟಲೆ ನೋವು ತಿನ್ನುವವರನ್ನು ಕಂಡಿದ್ದೇನೆ. ಬಹಳ ಜನರಿಗೆ ಬೇಕಾಗುವುದು ಅದಕ್ಕಿಂತ ಚಿಕ್ಕದು: 17, 19, 21 ಎಂಎಂ. ಪಂಪ್ ಮಾಡುವ ಮೊದಲು, ಮಗು ಆಗಷ್ಟೇ ಕುಡಿದಿರದ ಹೊತ್ತಿನಲ್ಲಿ, ಸ್ಕೇಲ್ ಹಿಡಿದು ಮೊಲೆತೊಟ್ಟಿನ ಬುಡದ ಅಗಲವನ್ನು ಮಿಲಿಮೀಟರಿನಲ್ಲಿ ಅಳೆಯಿರಿ. ಸುತ್ತಲಿನ ಕಪ್ಪು ಭಾಗ ಸೇರಿಸಬೇಡಿ, ಸುತ್ತಳತೆಯೂ ಬೇಡ, ಈ ಅಂಚಿನಿಂದ ಆ ಅಂಚಿಗೆ ಅಗಲ ಮಾತ್ರ. ಆ ಅಳತೆಯದ್ದೇ ಅಥವಾ ಅದಕ್ಕಿಂತ ಎರಡು ಮೂರು ಎಂಎಂ ದೊಡ್ಡ ಫ್ಲ್ಯಾಂಜಿನಿಂದ ಶುರುಮಾಡಿ. ಎರಡು ಬದಿಗೂ ಬೇರೆ ಬೇರೆ ಅಳತೆ ಬರಬಹುದು, ಗಾಬರಿಯಾಗಬೇಡಿ.

ಆಮೇಲೆ ಪಂಪ್ ಓಡುವಾಗ ಬಗ್ಗಿ ನೋಡಿ. ತೊಟ್ಟು ಮಾತ್ರ ಕೊಳವೆಯೊಳಗೆ ಹಿಂದೆ ಮುಂದೆ ಸಲೀಸಾಗಿ ಆಡುತ್ತಿರಬೇಕು. ಕಪ್ಪು ಭಾಗ ಜಾಸ್ತಿ ಒಳಗೆ ಎಳೆದುಕೊಳ್ಳುತ್ತಿದ್ದರೆ ದೊಡ್ಡದಾಯಿತು. ತೊಟ್ಟು ಗೋಡೆಗೆ ಉಜ್ಜುತ್ತಿದ್ದರೆ, ಮುಗಿದ ಮೇಲೆ ತುದಿ ಬೆಳ್ಳಗಾಗಿದ್ದರೆ ಅಥವಾ ಬುಡದಲ್ಲಿ ಉಂಗುರದ ಗುರುತು ಬಿದ್ದಿದ್ದರೆ ಚಿಕ್ಕದಾಯಿತು. ಇಡೀ ಪಂಪ್ ಬದಲಿಸಬೇಕಾಗಿಲ್ಲ. ದೊಡ್ಡ ಫ್ಲ್ಯಾಂಜಿನೊಳಗೆ ಕೂರಿಸುವ ಸಿಲಿಕೋನ್ ಇನ್ಸರ್ಟ್‌ಗಳು ಸಿಗುತ್ತವೆ. ಬಾಕಿ ಯಾವ ಸಲಹೆ ಬಿಟ್ಟರೂ ಇದೊಂದನ್ನು ಬಿಡಬೇಡಿ.

ಹಾಗೆಯೇ ವಾಲ್ವ್. ಬಾಟಲಿಯ ಮೇಲ್ಗಡೆ ಬಾತುಕೋಳಿಯ ಕೊಕ್ಕಿನ ಆಕಾರದಲ್ಲಿ, ಅಥವಾ ತೆಳು ಪೊರೆಯ ಹಾಗೆ, ಒಂದು ಸಣ್ಣ ಸಿಲಿಕೋನ್ ತುಣುಕು ಇರುತ್ತದಲ್ಲ, ಮೋಟಾರಿನ ಎಳೆತ ಸೋರಿಹೋಗದಂತೆ ಹಿಡಿದಿಡುವುದೇ ಅದು. ಒಮ್ಮೆ ನನಗೆ ಇದ್ದಕ್ಕಿದ್ದಂತೆ ಹಾಲು ಅರ್ಧಕ್ಕೆ ಇಳಿದಿತ್ತು. ಮೋಟಾರಿನ ಸದ್ದು ಎಂದಿನಂತೆಯೇ ಇತ್ತು. ವಾಲ್ವನ್ನು ಕಿಟಕಿ ಬೆಳಕಿಗೆ ಹಿಡಿದು ಮೆಲ್ಲಗೆ ಒತ್ತಿದಾಗ ಕೊಕ್ಕಿನ ಸೀಳು ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಮುಂದಕ್ಕೆ ಹರಿದಿದ್ದು ಕಂಡಿತು. ಹೊಸದು ಹಾಕಿದ ದಿನವೇ ಹಾಲು ಮೊದಲಿನಂತಾಯಿತು. ದಿನಕ್ಕೆ ಹಲವು ಸಲ ಪಂಪ್ ಮಾಡುವವರು ಒಂದೆರಡು ತಿಂಗಳಿಗೊಮ್ಮೆ ಇದನ್ನು ಬದಲಿಸುವುದು ಒಳ್ಳೆಯದು. ತೊಳೆಯುವಾಗ ಬ್ರಷ್ ತುರುಕಿ ತಿಕ್ಕಬೇಡಿ, ಬೇಗ ಹರಿಯುತ್ತದೆ. ಪಂಪ್ ಬೇರೆಯವರು ಬಳಸಿದ್ದಾದರೆ ಮೋಟಾರಿನೊಳಗೆ ಹಾಲು ಹೋಗದಂತೆ ತಡೆ ಇರುವ ಮಾದರಿಯೇ ಎಂದು ನೋಡಿಕೊಳ್ಳಿ, ಹಾಲು ಮುಟ್ಟುವ ಭಾಗಗಳನ್ನೆಲ್ಲ ಹೊಸದಾಗಿ ತೆಗೆದುಕೊಳ್ಳಿ.

ಈಗ ಓಡಿಸುವ ರೀತಿ. ಹೆಚ್ಚಿನ ಎಲೆಕ್ಟ್ರಿಕ್ ಪಂಪ್‌ಗಳಲ್ಲಿ ಎರಡು ಮೋಡ್ ಇರುತ್ತವೆ. ಒಂದು ಹಗುರವಾಗಿ, ವೇಗವಾಗಿ ಎಳೆಯುತ್ತದೆ. ಮಗು ಬಾಯಿ ಹಾಕಿದ ಹೊಸದರಲ್ಲಿ ಬೇಗ ಬೇಗ ಚೀಪುತ್ತದಲ್ಲ, ಅದರ ನಕಲು. ಇನ್ನೊಂದು ನಿಧಾನವಾಗಿ, ಆಳವಾಗಿ ಎಳೆಯುತ್ತದೆ. ಮೊದಲನೆಯದರಲ್ಲಿ ಶುರುಮಾಡಿ, ಹನಿ ಹೋಗಿ ಧಾರೆ ಬರತೊಡಗಿದ ಕೂಡಲೇ ಎರಡನೆಯದಕ್ಕೆ ಬನ್ನಿ. ಧಾರೆ ಕಡಿಮೆಯಾಗಿ ಹನಿಗೆ ಇಳಿದಾಗ ಬಹಳ ಜನ ಮುಗಿಯಿತೆಂದು ತೆಗೆದುಬಿಡುತ್ತಾರೆ. ತೆಗೆಯಬೇಡಿ, ಮತ್ತೆ ವೇಗದ ಮೋಡಿಗೆ ಹಾಕಿ ಒಂದೆರಡು ನಿಮಿಷ ಕಾಯಿರಿ. ಒಂದೇ ಕೂರಿಕೆಯಲ್ಲಿ ಹಾಲು ಎರಡು ಮೂರು ಸಲ ಇಳಿಯುತ್ತದೆ. ಎರಡನೇ ಸಲ ಇಳಿದದ್ದೇ ಬಾಟಲಿಯಲ್ಲಿ ದೊಡ್ಡ ವ್ಯತ್ಯಾಸ ತೋರಿಸುತ್ತದೆ. ಒಟ್ಟು ಹದಿನೈದು ಇಪ್ಪತ್ತು ನಿಮಿಷ ಸಾಕು. ಸಾಧ್ಯವಿದ್ದರೆ ಎರಡೂ ಕಡೆ ಒಟ್ಟಿಗೆ ಹಾಕಿ, ಸಮಯ ಅರ್ಧ ಉಳಿಯುತ್ತದೆ, ಹಾಲೂ ಹೆಚ್ಚು ಬರುತ್ತದೆ.

ಕೈ ಸುಮ್ಮನೆ ಇಡಬೇಡಿ. ಸ್ಟ್ಯಾನ್‌ಫರ್ಡ್‌ನ ಮಕ್ಕಳ ವೈದ್ಯೆ ಜೇನ್ ಮಾರ್ಟನ್ ಮತ್ತು ಅವರ ತಂಡ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ತಾಯಂದಿರ ಮೇಲೆ ಮಾಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಪಂಪಿನ ಜೊತೆ ಕೈಯನ್ನೂ ಬಳಸಿದಾಗ ಹಾಲಿನ ಪ್ರಮಾಣ ಹೆಚ್ಚುತ್ತದೆ ಎಂದು ಅದು ತೋರಿಸಿತು. ಮಾಡುವುದು ಕಷ್ಟವಲ್ಲ. ಮೊದಲು ಬೆಚ್ಚಗಿನ ಬಟ್ಟೆ ಒಂದೆರಡು ನಿಮಿಷ ಇಟ್ಟು, ಅಂಗೈಯಿಂದ ಮೆಲ್ಲಗೆ ನೀವಿಕೊಳ್ಳಿ. ಪಂಪ್ ಓಡುವಾಗ ಗಟ್ಟಿ ಅನ್ನಿಸುವ ಜಾಗವನ್ನು ಬೆರಳುಗಳಿಂದ ಹಗುರವಾಗಿ ಒತ್ತಿ ಹಿಡಿಯಿರಿ, ಧಾರೆ ನಿಂತಾಗ ಜಾಗ ಬದಲಿಸಿ. ಪಂಪ್ ತೆಗೆದ ಮೇಲೆ ಒಂದೆರಡು ನಿಮಿಷ ಕೈಯಿಂದಲೇ ಹಿಂಡಿ. ಹಗುರವಾಗಿ ಎಂಬುದನ್ನು ಮರೆಯಬೇಡಿ. ಗಂಟು ಕರಗಿಸುತ್ತೇನೆಂದು ಜೋರಾಗಿ ತಿಕ್ಕಿದರೆ ಒಳಗೆ ಬಾವು ಬರುತ್ತದೆ. ಫ್ಲ್ಯಾಂಜ್ ಹಿಡಿದಿಡಲು ತೂತು ಮಾಡಿದ ಹಳೆಯ ಬಿಗಿ ಬ್ರಾ ಇದ್ದರೆ ಕೈ ಬಿಡುವಾಗುತ್ತದೆ.

ಮತ್ತೆ, ಬಾಟಲಿಯನ್ನು ನೋಡುತ್ತಾ ಕೂರಬೇಡಿ. ಗೆರೆ ಏರಿತಾ ಇಲ್ಲವಾ ಎಂಬ ಆತಂಕವೇ ಹಾಲು ಇಳಿಯಲು ಬಿಡುವುದಿಲ್ಲ. ನಾನು ಬಾಟಲಿಗೆ ಮಗುವಿನ ಕಾಲುಚೀಲ ಹಾಕಿಬಿಡುತ್ತಿದ್ದೆ, ಗೆರೆ ಕಾಣುತ್ತಿರಲಿಲ್ಲ. ಮಗುವಿನ ವಿಡಿಯೋ ನೋಡಿ, ಅದು ಹೊದ್ದ ಬಟ್ಟೆ ಹತ್ತಿರ ಇಟ್ಟುಕೊಳ್ಳಿ, ಹೆಗಲು ಸಡಿಲ ಬಿಡಿ. ಇದು ಬರೀ ಭಾವುಕತೆಯ ಮಾತಲ್ಲ, ಮಗುವಿನ ಚಿತ್ರ, ದನಿ, ವಾಸನೆಗೆ ಆಕ್ಸಿಟೋಸಿನ್ ಓಗೊಡುತ್ತದೆ.

ಹೊತ್ತಿನ ವಿಷಯ. ಹೆಚ್ಚಿನವರಿಗೆ ಬೆಳಗಿನ ಜಾವ ಹಾಲು ಧಾರಾಳ, ಸಂಜೆ ಕಡಿಮೆ. ದಿನಕ್ಕೆ ಒಂದೇ ಸಲ ಪಂಪ್ ಮಾಡುವುದಾದರೆ ಬೆಳಗ್ಗೆ ಮಗು ಮೊದಲ ಸಲ ಕುಡಿದು ಅರ್ಧ ಮುಕ್ಕಾಲು ಗಂಟೆಯಾದ ಮೇಲೆ ಮಾಡಿ. ಇಲ್ಲವೇ ಮಗು ಒಂದು ಕಡೆ ಕುಡಿಯುವಾಗಲೇ ಇನ್ನೊಂದು ಕಡೆ ಪಂಪ್ ಹಚ್ಚಿ. ಮಗು ಚೀಪಿದರೆ ಹಾಲು ಎರಡೂ ಕಡೆ ಇಳಿಯುತ್ತದೆ, ಅದರ ಲಾಭ ಪಡೆಯಿರಿ.

ಎದೆ ತುಂಬಿಯೇ ಇದ್ದರೆ ಹಾಲು ಉತ್ಪತ್ತಿ ನಿಧಾನವಾಗುತ್ತದೆ, ಖಾಲಿಯಾದಷ್ಟೂ ವೇಗವಾಗುತ್ತದೆ. ಆದ್ದರಿಂದ ತುಂಬಲಿ ಎಂದು ಐದಾರು ಗಂಟೆ ಕಾಯುವುದು ಆ ಒಂದು ಬಾಟಲಿಗೆ ಲಾಭ, ಮುಂದಿನ ವಾರಕ್ಕೆ ನಷ್ಟ. ಕೆಲಸಕ್ಕೆ ಹೋದಮೇಲೆ ಸುಮಾರು ಮೂರು ಗಂಟೆಗೊಮ್ಮೆ ಪಂಪ್ ಮಾಡಿ. ಒಂದು ಗಂಟೆಯಲ್ಲಿ ಇಪ್ಪತ್ತು ನಿಮಿಷ ಪಂಪ್, ಹತ್ತು ನಿಮಿಷ ಬಿಡುವು, ಹತ್ತು ಪಂಪ್, ಹತ್ತು ಬಿಡುವು, ಮತ್ತೆ ಹತ್ತು ಪಂಪ್ ಎಂಬ ಪವರ್ ಪಂಪಿಂಗ್ ಬಗ್ಗೆಯೂ ಕೇಳಿರುತ್ತೀರಿ. ಅದು ಉತ್ಪತ್ತಿ ಹೆಚ್ಚಿಸಲು ಮಾಡುವುದು, ಫಲ ಕಾಣಲು ಕೆಲವು ದಿನ ಬೇಕು. ನಿಮಗೆ ಈಗ ಅದರ ಅಗತ್ಯ ಕಾಣುವುದಿಲ್ಲ. ಹಾಲು ಹೆಚ್ಚಿಸುವ ಪುಡಿ, ಮಾತ್ರೆಗಳಿಗೂ ಈಗಲೇ ದುಡ್ಡು ಹಾಕಬೇಡಿ.

ಮಗುವಿನ ತೂಕ ಏರುವುದು ನಿಂತರೆ, ದಿನಕ್ಕೆ ಆರಕ್ಕಿಂತ ಕಡಿಮೆ ಸಲ ಉಚ್ಚೆ ಮಾಡಿದರೆ ಮಾತ್ರ ಹಾಲು ನಿಜವಾಗಿ ಕಡಿಮೆಯೇ ಎಂದು ವೈದ್ಯರ ಹತ್ತಿರ ನೋಡಿಸಬೇಕು. ಥೈರಾಯ್ಡ್ ಸಮಸ್ಯೆ, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ, ಸೂಡೋಎಫೆಡ್ರಿನ್ ಇರುವ ಶೀತದ ಮಾತ್ರೆ, ಇವು ಹಾಲು ತಗ್ಗಿಸಬಲ್ಲವು, ಅವನ್ನೂ ಹೇಳಿ. ಎದೆ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಕಾಯಬೇಡಿ, ಕೂಡಲೇ ತೋರಿಸಿ.

ತೆಗೆದ ಹಾಲು 25 ಡಿಗ್ರಿಯವರೆಗಿನ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ ನಾಲ್ಕು ದಿನ, ಫ್ರೀಜರಿನಲ್ಲಿ ಆರು ತಿಂಗಳು ಚೆನ್ನಾಗಿರುತ್ತದೆ. ಸೆಕೆ ಜಾಸ್ತಿಯಿದ್ದರೆ ಹೊರಗೆ ಇಡಲೇಬೇಡಿ. ಕರಗಿಸಿದ್ದನ್ನು ಮತ್ತೆ ಫ್ರೀಜರಿಗೆ ಹಾಕಬಾರದು.

ಫ್ರೀಜರ್ ತುಂಬ ಹಾಲು ಕೂಡಿಡಬೇಕೆಂಬ ಒತ್ತಡ ಬೇಡ. ನೀವು ಇಲ್ಲದ ಹೊತ್ತಿನಲ್ಲಿ ಮಗುವಿಗೆ ಗಂಟೆಗೆ ಸುಮಾರು 30ರಿಂದ 45 ಎಂಎಲ್ ಬೇಕಾಗುತ್ತದೆ. ಮೊದಲ ದಿನಕ್ಕೆ ಆಗುವಷ್ಟು, ಚೆಲ್ಲಿದರೆ ಇರಲಿ ಎಂದು ಇನ್ನೊಂದೆರಡು ಬಾಟಲಿ ಇದ್ದರೆ ಆಯಿತು. ಅಲ್ಲಿಂದಾಚೆಗೆ ಇವತ್ತು ತೆಗೆದದ್ದು ನಾಳೆಗೆ. ಬಾಟಲಿ ಕುಡಿಸುವವರಿಗೆ ಮಾತ್ರ ಒಂದು ಮಾತು ಹೇಳಿಡಿ: ಮಗುವನ್ನು ಕೂರಿಸಿದಂತೆ ಹಿಡಿದು, ಬಾಟಲಿಯನ್ನು ಅಡ್ಡವಾಗಿ ಇಟ್ಟು, ನಡುನಡುವೆ ನಿಲ್ಲಿಸಿ ನಿಧಾನವಾಗಿ ಕುಡಿಸಲಿ. ಬಾಟಲಿ ಮೇಲೆತ್ತಿ ಗಟಗಟ ಕುಡಿಸಿದರೆ ಮಗು ಬೇಕಾದ್ದಕ್ಕಿಂತ ಜಾಸ್ತಿ ಕುಡಿದುಬಿಡುತ್ತದೆ, ಸಂಜೆ ಖಾಲಿ ಬಾಟಲಿ ನೋಡಿ ನನ್ನ ಹಾಲು ಸಾಲುತ್ತಿಲ್ಲ ಎಂಬ ಚಿಂತೆ ನಿಮಗೆ ಮತ್ತೆ ಹತ್ತುತ್ತದೆ.