ಪೆಂಗ್ವಿನ್ ಮುಖ ಬಿಡಿ, ಅಂಗಾಲು ನೋಡಿ

ಪ್ರಶ್ನೆ: ಅಕ್ವೇರಿಯಂನಲ್ಲಿ ಪೆಂಗ್ವಿನ್‌ಗಳು ನೀರಿಗೇ ಇಳಿಯದೆ ದಿನವಿಡೀ ನಿಂತಿದ್ದವು. ಪಾಪ, ಸೆಕೆಯೇ? ಎಸಿ ಜಾಸ್ತಿ ಮಾಡಬೇಕಲ್ವಾ?

ಉತ್ತರ: ಮತ್ತೆ ಎಸಿ! ಪೆಂಗ್ವಿನ್ ಅಂದ ಕೂಡಲೇ ಎಲ್ಲರಿಗೂ ಮಂಜುಗಡ್ಡೆಯೇ ನೆನಪಾಗುತ್ತದೆ. ಹಂಬೋಲ್ಟ್ ಪೆಂಗ್ವಿನ್ ಇರುವುದು ಪೆರು, ಚಿಲಿಯ ಕರಾವಳಿಯಲ್ಲಿ. ಅದನ್ನು ಫ್ರಿಜ್‌ನಲ್ಲಿಡಬೇಕಿಲ್ಲ. ಮೊದಲು ಅದು ಯಾವ ಜಾತಿ ಅಂತ ಬೋರ್ಡ್ ಓದಿ.

ಮೈಮೇಲಿನ ಗರಿ ಹರಕು ಕಂಬಳಿ ಥರ ಕಾಣುತ್ತಿದ್ದರೆ ಹಕ್ಕಿ ಗರಿ ಬದಲಿಸುತ್ತಿದೆ ಎಂದರ್ಥ. ಆ ಎರಡು ಮೂರು ವಾರ ಅದು ನೀರಿಗೆ ಇಳಿಯುವುದಿಲ್ಲ, ಸುಮ್ನೆ ಬಿಡಿ. ಗರಿ ಚೆನ್ನಾಗಿದ್ದೂ ನಿಂತೇ ಇದ್ದರೆ ಮಾತ್ರ ನನಗೆ ಚಿಂತೆ. ಸಮುದ್ರದಲ್ಲಾದರೆ ಮೀನಿಗಾಗಿ ಈಜಲೇಬೇಕು. ಇಲ್ಲಿ ನಿಂತಲ್ಲಿಗೇ ಬಕೆಟ್ ಬರುತ್ತದೆ, ಮತ್ತೆ ಯಾಕೆ ಈಜಬೇಕು? ಒದ್ದೆ ಸಿಮೆಂಟಿನ ಮೇಲೆ ಮೈಭಾರವೆಲ್ಲ ಅಂಗಾಲಿನ ಒಂದೇ ಕಡೆ ಬೀಳುತ್ತದೆ. ಅಲ್ಲಿನ ಸಣ್ಣ ಸಣ್ಣ ಉಬ್ಬುಗಳು ಸವೆದು ಚರ್ಮ ನುಣ್ಣಗೆ ಹೊಳೆಯತೊಡಗುತ್ತದೆ, ಆಮೇಲೆ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಬಿರುಕಿನೊಳಗೆ ಬ್ಯಾಕ್ಟೀರಿಯಾ ಹೊಕ್ಕು ಪಾದ ಊದುತ್ತದೆ. ಇದೇ ಬಂಬಲ್‌ಫೂಟ್. ಬಿಟ್ಟರೆ ಮೂಳೆವರೆಗೂ ಹೋಗುತ್ತದೆ. ಹದ್ದು, ಗಿಡುಗ, ಫ್ಲೆಮಿಂಗೊಗಳನ್ನೂ ಇದು ಬಿಡುವುದಿಲ್ಲ.

ಆಂಟಿಬಯಾಟಿಕ್ ಕೊಟ್ಟು ಅದೇ ಸಿಮೆಂಟಿನ ಮೇಲೆ ನಿಲ್ಲಿಸಿದರೆ ರೋಗ ವಾಪಸ್ ಬರುತ್ತದೆ. ಅಷ್ಟಾದರೂ ಕೆಲವರು ಇನ್ನೊಂದು ಮುಲಾಮು ಬರೆದುಕೊಡಿ ಅನ್ನುತ್ತಾರೆಯೇ ಹೊರತು ನೆಲಕ್ಕೆ ಕೈ ಹಾಕುವುದಿಲ್ಲ! ಒಂದು ಕಡೆ ಮರಳು, ಒಂದು ಕಡೆ ನುಣುಪು ಬೆಣಚುಕಲ್ಲು, ಒಂದು ಕಡೆ ಮೆತ್ತನೆ ರಬ್ಬರ್ ಹಾಸು ಹಾಕಿ, ಕಾಲಿಗೆ ದಿನಾ ಬೇರೆ ಬೇರೆ ನೆಲ ಸಿಗಲಿ. ಮೀನನ್ನು ನೀರಿಗೇ ಎಸೆಯಿರಿ, ಹೊತ್ತು ಬದಲಿಸುತ್ತಾ. ತೂಕ ನೋಡುವಾಗಲೆಲ್ಲ ಅಂಗಾಲು ತಿರುಗಿಸಿ ನೋಡಿ. ‘ಪಾದಕ್ಕೆ ಎಣ್ಣೆ’ ಮಾರುವ ನಾಟಿ ಪಂಡಿತರನ್ನು ಗೇಟಿನ ಹೊರಗೇ ನಿಲ್ಲಿಸಿ. ಎಣ್ಣೆ ಗರಿಗೆ ತಾಗಿದರೆ ಗರಿಯೊಳಗೆ ನೀರು ಇಳಿಯುತ್ತದೆ, ಹಕ್ಕಿ ಚಳಿಗೆ ಮುದುರುತ್ತದೆ.

ಪ್ರಶ್ನೆ: ಫ್ಲೆಮಿಂಗೊ ಒಂಟಿಗಾಲಲ್ಲಿ ನಿಂತಿದೆ, ಇನ್ನೊಂದು ಕಾಲು ಮುರಿದಿದೆಯೇ?

ಉತ್ತರ: ಇಲ್ಲ.

ಪ್ರಶ್ನೆ: ಅದಕ್ಕೆ ಗುಲಾಬಿ ಬಣ್ಣ ಹಚ್ಚುತ್ತಾರಂತೆ?

ಉತ್ತರ: ಹಚ್ಚುವುದಿಲ್ಲ, ತಿನ್ನಿಸುತ್ತಾರೆ. ಆಹಾರದಲ್ಲಿನ ಕೆರೋಟಿನಾಯ್ಡ್ ಎಂಬ ಬಣ್ಣದ ಅಂಶದಿಂದ ಆ ಬಣ್ಣ.

ಪ್ರಶ್ನೆ: ಪೆಂಗ್ವಿನ್‌ಗೆ ಮೀನಿನೊಳಗೆ ಮಾತ್ರೆ ಇಟ್ಟು ತಿನ್ನಿಸುವುದು ಮೋಸ ಅಲ್ವಾ?

ಉತ್ತರ: ಅದು ವಿಟಮಿನ್. ಫ್ರೀಜರ್‌ನಲ್ಲಿಟ್ಟ ಮೀನಿನಲ್ಲಿ ಬಿ1 ಕಡಿಮೆಯಾಗುತ್ತದೆ.

ಪ್ರಶ್ನೆ: ಫ್ಲೆಮಿಂಗೊ ಹಾರಿಹೋಗದಂತೆ ಕತ್ತರಿಸಿದ ರೆಕ್ಕೆ ಮತ್ತೆ ಬೆಳೆಯುತ್ತದೆಯೇ?

ಉತ್ತರ: ಬರೀ ಗರಿ ಕತ್ತರಿಸಿದ್ದರೆ ಹೊಸ ಗರಿ ಬರುತ್ತದೆ. ಪಿನಿಯನಿಂಗ್ ಮಾಡಿದ್ದರೆ, ಅಂದರೆ ರೆಕ್ಕೆಯ ತುದಿಯನ್ನು ಮೂಳೆ ಸಮೇತ ತೆಗೆದಿದ್ದರೆ, ಆ ಹಕ್ಕಿ ಇನ್ನೆಂದೂ ಹಾರುವುದಿಲ್ಲ. ನನ್ನನ್ನು ಕೇಳಿದರೆ, ಮೇಲೆ ಬಲೆ ಹಾಕಿದ ದೊಡ್ಡ ಆವರಣ ಕಟ್ಟಲು ಆಗದವರು ಫ್ಲೆಮಿಂಗೊ ತರಲೇಬಾರದು.