ನನ್ನ ಪ್ರೀತಿಗೆ ಅಂಕ ಕಡಿಮೆ ಬಂತು!

ಪ್ರಶ್ನೆ: ನನಗೆ 27 ವರ್ಷ. ನಾನೂ ನನ್ನ ಹುಡುಗನೂ ಮುಂದಿನ ವರ್ಷ ಮದುವೆಯಾಗಬೇಕು ಅಂದುಕೊಂಡಿದ್ದೇವೆ. ಮೊನ್ನೆ ಅವನು ಮನಶ್ಶಾಸ್ತ್ರಜ್ಞರು ಬಳಸುವ ‘ಪ್ಯಾಷನೇಟ್ ಲವ್ ಸ್ಕೇಲ್’ ಎಂಬ ಪ್ರಶ್ನಾವಳಿ ತಂದ. ಇಬ್ಬರೂ ತುಂಬಿದೆವು. 135ಕ್ಕೆ ಅವನಿಗೆ 121, ನನಗೆ 84. ಅವನು ನಕ್ಕು ಸುಮ್ಮನಾದ. ನನಗೆ ಮಾತ್ರ ಅವತ್ತಿನಿಂದ ನಿದ್ದೆಯಿಲ್ಲ. ನನ್ನ ಪ್ರೀತಿ ನಿಜವಲ್ಲವೇ? ಪ್ರೀತಿಯನ್ನು ಹೀಗೆ ಅಳೆಯಲು ಆಗುತ್ತದೆಯೇ?
– ಹೆಸರು ಬೇಡ

ಉತ್ತರ: ಈ ಪ್ರಶ್ನಾವಳಿಯಲ್ಲಿ ಪಾಸು, ಫೇಲು ಅನ್ನುವುದೇ ಇಲ್ಲ. ಮೊದಲು ಆ ಭಯ ಬಿಡಿ.

1986ರಲ್ಲಿ ಅಮೆರಿಕದ ಸಂಶೋಧಕಿಯರಾದ ಎಲೇನ್ ಹ್ಯಾಟ್‌ಫೀಲ್ಡ್ ಮತ್ತು ಸೂಸನ್ ಸ್ಪ್ರೆಚರ್ ಇದನ್ನು ರೂಪಿಸಿದರು. ಮೂಲದಲ್ಲಿ 30 ವಾಕ್ಯಗಳಿವೆ. ನೀವು ತುಂಬಿದ್ದು 15 ವಾಕ್ಯಗಳ ಚಿಕ್ಕ ರೂಪ. ಒಂದೊಂದಕ್ಕೂ 1ರಿಂದ 9ರವರೆಗೆ ಅಂಕ. ಇದು ಅಳೆಯುವುದು ಹಂಬಲವನ್ನು, ಚಡಪಡಿಕೆಯನ್ನು, ಸದಾ ಅವರದೇ ಧ್ಯಾನದಲ್ಲಿರುವ ಸ್ಥಿತಿಯನ್ನು. ಒಡನಾಟದಿಂದ ಬೆಳೆಯುವ ನೆಮ್ಮದಿಯ ಪ್ರೀತಿಯನ್ನು ಹ್ಯಾಟ್‌ಫೀಲ್ಡ್ ಬೇರೆಯಾಗಿಯೇ ನೋಡಿದರು. ಅದನ್ನು ಅಳೆಯುವುದು ಈ ಪ್ರಶ್ನಾವಳಿಯ ಕೆಲಸವೇ ಅಲ್ಲ.

ಹಾಳೆಯನ್ನು ಮತ್ತೊಮ್ಮೆ ತೆಗೆದು ನೋಡಿ. ‘ಒಮ್ಮೊಮ್ಮೆ ನನ್ನ ಯೋಚನೆಗಳು ನನ್ನ ಹಿಡಿತದಲ್ಲಿರುವುದಿಲ್ಲ, ಅವನ ಸುತ್ತಲೇ ಗಿರಕಿ ಹೊಡೆಯುತ್ತವೆ’ ಎಂಬ ಅರ್ಥದ ವಾಕ್ಯವೊಂದಿದೆ. ಆಪ್ತಸಲಹೆಗೆ ಬರುವವರಲ್ಲಿ ಕೆಲವರು ಇಂಥದಕ್ಕೆ ಓದಿದ ತಕ್ಷಣ 9 ಹಾಕುತ್ತಾರೆ. ಇನ್ನು ಕೆಲವರು ಪೆನ್ನು ಹಿಡಿದು ಯೋಚಿಸಿ, ‘ಪೂರ್ತಿ ಹಾಗೇನಿಲ್ಲ’ ಅಂತ 6ಕ್ಕೆ ನಿಲ್ಲುತ್ತಾರೆ. ಎಲ್ಲ ವಾಕ್ಯಕ್ಕೂ 8 ಹಾಕಿದರೆ ಮೊತ್ತ 120. ಎಲ್ಲಕ್ಕೂ 6 ಹಾಕಿದರೆ 90. ಅಂಕ ಹಾಕುವ ಸ್ವಭಾವದಿಂದಲೇ ಇಷ್ಟು ಅಂತರ ಬರಬಹುದು, ಅಲ್ವಾ?

ಹಾಗಂತ ಇದೆಲ್ಲ ಸುಮ್ನೆ ಕಾಲಹರಣ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 1970ರಲ್ಲಿ ಮನಶ್ಶಾಸ್ತ್ರಜ್ಞ ಝಿಕ್ ರೂಬಿನ್ ಪ್ರೀತಿಗೆ 13 ವಾಕ್ಯ, ಮೆಚ್ಚುಗೆಗೆ 13 ವಾಕ್ಯ ಬರೆದು ಮಿಷಿಗನ್ ವಿಶ್ವವಿದ್ಯಾಲಯದ ಪ್ರೇಮಿಗಳಿಗೆ ಕೊಟ್ಟರು. ಒಬ್ಬರ ಬುದ್ಧಿ, ನಡತೆಯನ್ನು ಮೆಚ್ಚುವುದು ಬೇರೆ, ‘ಒಂಟಿ ಅನಿಸಿದಾಗ ಮೊದಲು ಅವರನ್ನೇ ಹುಡುಕಿಕೊಂಡು ಹೋಗುತ್ತೇನೆ’ ಅನ್ನುವುದು ಬೇರೆ ಎಂದು ತೋರಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಪ್ರಯೋಗ ಶುರುವಾಗಲಿ ಎಂದು ಜೋಡಿಗಳು ಕಾಯುತ್ತಾ ಕೂತಿದ್ದಾಗ ಅವರಿಗೆ ಕಾಣದಂತೆ ಕನ್ನಡಿಯ ಹಿಂದಿನಿಂದ ಗಮನಿಸಿದರು. ಇಬ್ಬರಿಗೂ ಪ್ರೀತಿಯ ಅಂಕ ಜಾಸ್ತಿ ಬಂದಿದ್ದ ಜೋಡಿಗಳು ಕಣ್ಣಿಗೆ ಕಣ್ಣಿಟ್ಟು ನೋಡಿದ್ದೂ ಜಾಸ್ತಿ. ಹಾಳೆಯ ಮೇಲಿನ ಅಂಕ ನಡವಳಿಕೆಯಲ್ಲೂ ಕಾಣಿಸಿತು. ನನಗೆ ಈ ಅಧ್ಯಯನದ ಮೇಲೆ ತುಂಬಾ ಗೌರವ. ಆದರೆ ಅದು ಎಷ್ಟೋ ಜೋಡಿಗಳನ್ನು ಒಟ್ಟಾಗಿ ನೋಡಿದಾಗ ಸಿಕ್ಕ ಸರಾಸರಿ. ಒಂದೇ ಜೋಡಿಯಲ್ಲಿ ಯಾರ ಪ್ರೀತಿ ಹೆಚ್ಚು ಎಂದು ತೀರ್ಪು ಕೊಡಲು ಅದನ್ನು ಬಳಸುವಂತಿಲ್ಲ.

ಮಿದುಳಿನ ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದಾ ಎಂದು ಕೇಳುವವರಿದ್ದಾರೆ. 2005ರಲ್ಲಿ ಆರ್ಥರ್ ಆರನ್, ಹೆಲೆನ್ ಫಿಶರ್ ಮತ್ತು ಲೂಸಿ ಬ್ರೌನ್ ಅವರ ತಂಡ ಗಾಢ ಪ್ರೇಮದಲ್ಲಿದ್ದ 17 ಜನರಿಗೆ ಪ್ರಿಯರ ಫೋಟೊ ತೋರಿಸಿ ಸ್ಕ್ಯಾನ್ ಮಾಡಿತು. ಬೇಕಾದದ್ದು ಸಿಗುವಾಗಿನ ಖುಷಿಗೆ, ಅದರ ಹಿಂದೆ ಬೀಳುವ ಉತ್ಸಾಹಕ್ಕೆ ಸಂಬಂಧಿಸಿದ ಭಾಗಗಳು ಚುರುಕಾದವು. ಅಲ್ಲೂ ಪ್ರೇಮದ ತೀವ್ರತೆ ತಿಳಿಯಲು ಅವರು ಬಳಸಿದ್ದು ನೀವು ತುಂಬಿದ ಸ್ಕೇಲನ್ನೇ! ‘ನಿಮಗೆ ಹೇಗನಿಸುತ್ತದೆ’ ಎಂದು ಮನುಷ್ಯರನ್ನು ಕೇಳದೆ ಬೇರೆ ದಾರಿಯಿಲ್ಲ.

ನಿಮ್ಮನ್ನೂ ಅದನ್ನೇ ಕೇಳುತ್ತೇನೆ. ಅವನ ಜೊತೆ ಇರುವಾಗ ಹೇಗನಿಸುತ್ತದೆ? ಕಷ್ಟ ಹೇಳಿಕೊಳ್ಳಲು ಮೊದಲು ನೆನಪಾಗುವುದು ಅವನೇನಾ? ಮುಂದೆಯೂ ಜೊತೆಗಿರಬೇಕು ಅನಿಸುತ್ತದಾ? ಮನಶ್ಶಾಸ್ತ್ರಜ್ಞ ರಾಬರ್ಟ್ ಸ್ಟರ್ನ್‌ಬರ್ಗ್ ಪ್ರೀತಿಯಲ್ಲಿ ಹಂಬಲದ ಜೊತೆಗೆ ಆಪ್ತತೆ, ಬದ್ಧತೆ ಎರಡನ್ನೂ ಸೇರಿಸಿದ್ದು ಇದಕ್ಕೇ.

ಒಂದು ಕೆಲಸ ಮಾಡಿ. ಒಟ್ಟು ಅಂಕ ಮರೆತು, ನಿಮ್ಮಿಬ್ಬರ ಉತ್ತರ ಅತಿ ದೂರವಿರುವ ವಾಕ್ಯ ಯಾವುದು ನೋಡಿ. ಅವನು 9 ಯಾಕೆ ಹಾಕಿದ, ನೀವು 4 ಯಾಕೆ ಹಾಕಿದಿರಿ ಎಂದು ಪರಸ್ಪರ ಕೇಳಿ. ನಿದ್ದೆಗೆಟ್ಟ ವಿಷಯವನ್ನೂ ಅವನಿಗೆ ಹೇಳಿ. ಅವನು ನಕ್ಕಿದ್ದು ಯಾಕೆ ಅನ್ನುವುದೂ ಆಗಲೇ ತಿಳಿಯುತ್ತದೆ.